ಇಟ್ಟಿಗೆಕುಂಟೆಯ ನೀರಿಗೆ ಕರೆದ ಹೆಸರು

ಆ ವರ್ಷದ ಮೊದಲ ಮಳೆ ಬಿದ್ದ ಸಂಜೆ ಬೈಯಪ್ಪನಹಳ್ಳಿಯ ವಠಾರದ ಹೆಂಗಸರೆಲ್ಲ ಒಣಹಾಕಿದ್ದ ಬಟ್ಟೆ ಎಳೆದುಕೊಳ್ಳಲು ಓಡಾಡುತ್ತಿದ್ದರೆ, ಸೌಂದರ್ಯಾ ಮಾತ್ರ ಹಿಂಬಾಗಿಲಲ್ಲಿ ನಿಂತು ಕಿವಿಗೊಟ್ಟು ಕಾಯುತ್ತಿದ್ದಳು. ವಠಾರದ ಹಿಂದೆ, ರೈಲು ಹಳಿಯ ಬೇಲಿಗೂ ಒಂದು ಎತ್ತರದ ಕಾಂಪೌಂಡ್ ಗೋಡೆಗೂ ನಡುವೆ ಇಟ್ಟಿಗೆಕುಂಟೆ ಇತ್ತು. ಹಿಂದೆ ಯಾವಾಗಲೋ ಇಟ್ಟಿಗೆಗೂಡಿಗೆಂದು ಮಣ್ಣು ತೆಗೆದ ಹೊಂಡ ಅದು. ಒರತೆ ಸಿಕ್ಕಿತು, ಗೂಡು ಮುಚ್ಚಿತು, ನೀರು ಉಳಿಯಿತು. ಪ್ರತಿವರ್ಷ ಮೊದಲ ಮಳೆ ನಿಂತದ್ದೇ ತಡ, ಆ ನೀರಿನಿಂದ ಕಪ್ಪೆಗಳ ಗದ್ದಲ ಎದ್ದು, ಟಿವಿಯ ಸದ್ದು ಕೇಳಿಸದಂತಾಗಿ, ಜನ ಬೈದುಕೊಂಡೇ ಕಿಟಕಿ ಮುಚ್ಚುತ್ತಿದ್ದರು.

ಮಳೆ ನಿಂತಿತು. ಶೀಟಿನಿಂದ ಹನಿ ಬೀಳುವುದೂ ನಿಂತಿತು. ಒಂದು ರೈಲು ಹಾದುಹೋಯಿತು. ಆಮೇಲೆ ಏನೂ ಇಲ್ಲ. ಬರೇ ಸದ್ದಿಲ್ಲ ಎಂದಲ್ಲ. ಮಾತಾಡುತ್ತಿದ್ದವರು ನಮ್ಮನ್ನು ಕಂಡು ಬಾಯಿ ಮುಚ್ಚಿಕೊಂಡಾಗ ಕೋಣೆಯಲ್ಲಿ ಉಳಿಯುತ್ತದಲ್ಲ, ಆ ಬಗೆಯ ಮೌನ. 

"ಏನ್ ನೋಡ್ಲಾಕತ್ತಿ ಕತ್ತಲಾಗ?" ಒಳಗಿನಿಂದ ರೊಟ್ಟಿ ಬಡಿಯುತ್ತಲೇ ಅವಳ ತಾಯಿ ಹುಸೇನಮ್ಮ ಕೇಳಿದಳು.

"ಕಪ್ಪೆ ಕೂಗ್ತಾ ಇಲ್ಲವ್ವ."

"ಕೂಗದಿದ್ರ ಬಿಡು, ಚೊಲೊ ಆತು. ಶರಣೂಗ ಜರಾ ನಿದ್ದಿ ಬರ್ತದ."

ಶರಣೂ, ಅಂದರೆ ಶರಣಬಸವ, ಸೌಂದರ್ಯಾಳ ಅಣ್ಣ. ಊಟದ ಪೊಟ್ಟಣ ಮನೆಮನೆಗೆ ಮುಟ್ಟಿಸುವ ಕೆಲಸ ಅವನದು. ಹೋದ ವರ್ಷ ಸಂಕ್ರಾಂತಿಯ ಚಳಿಯಲ್ಲಿ ಹಳೇ ಮದ್ರಾಸ್ ರಸ್ತೆಯಲ್ಲಿ, ಟಿನ್ ಫ್ಯಾಕ್ಟರಿಯ ತಿರುವಿನಲ್ಲಿ, ನೀರಿನ ಟ್ಯಾಂಕರು ಅವನ ಬೈಕನ್ನು ತಾಗಿಸಿಕೊಂಡು ಹೋಗಿತ್ತು. ಸತ್ತವನಿಗೆ ನಿದ್ದೆ ಬರುವುದು ಕುಂಟೆಯ ಕಪ್ಪೆ ಸುಮ್ಮನಾದರೆ ಎಂದು ಅವ್ವ ಹೇಳಿದ್ದರಲ್ಲಿ ಮರುಳೇನೂ ಇರಲಿಲ್ಲ. ಅವಳ ಲೆಕ್ಕದಲ್ಲಿ ಮಗ ಕುಂಟೆಯಲ್ಲಿಯೇ ಇದ್ದ.

ಅದು ಆದದ್ದು ಹೀಗೆ. ಹುಸೇನಮ್ಮ ಹುಟ್ಟಿದ್ದು ಸುರಪುರದ ಕಡೆಯ ಒಂದು ಹಳ್ಳಿಯಲ್ಲಿ. ಮಕ್ಕಳು ಉಳಿಯದ ಮನೆಯಲ್ಲಿ ಮೊಹರಂನ ಅಲಾಯಿ ದೇವರಿಗೆ ಹರಕೆ ಹೊತ್ತು ಪಡೆದ ಕೂಸಾದ್ದರಿಂದ ಆ ಹೆಸರು. ಆ ಹಳ್ಳಿಯಲ್ಲಿ ಕುಡಿಯುವ ನೀರಿನ ಬಾವಿಗೆ ಒಂದು ಆಮೆ ಬಿಡುವ ಪದ್ಧತಿ. ಪಕ್ಕದ ಹಳ್ಳದಿಂದಲೇ ತಂದ ಕರೀ ಆಮೆ. ಅದಿದ್ದರೆ ನೀರು ತಿಳಿಯಾಗಿರುತ್ತದೆ, ಬಾವಿಗೊಬ್ಬ ಯಜಮಾನ ಇದ್ದಂತೆ ಎಂದು ಎಲ್ಲರ ನಂಬಿಕೆ. ಗಂಡ ತೀರಿಕೊಂಡ ಮೇಲೆ ಎರಡು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಬಂದು, ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತಿಕ್ಕಿ ಅವರನ್ನು ಬೆಳೆಸಿದಳು. ಆ ಮನೆಗಳಲ್ಲಿ ಒಂದು ವಿಮಲಾಕ್ಷಿಯದು. ಹುಬ್ಬಳ್ಳಿ ಕಡೆಯ ಹೆಣ್ಣುಮಗಳು, ಕಂಪನಿಯೊಂದರಲ್ಲಿ ದೊಡ್ಡ ಕೆಲಸ. ವಾಸ್ತು ಹೇಳುವವನೊಬ್ಬ ಮನೆಯ ಉತ್ತರಕ್ಕೆ ಜೀವಂತ ಆಮೆ ಇರಲಿ ಎಂದದ್ದಕ್ಕೆ ಶಿವಾಜಿನಗರದ ಮೀನಿನ ಅಂಗಡಿಯಿಂದ ನಾಣ್ಯದಷ್ಟು ಪುಟ್ಟದೊಂದನ್ನು ತಂದು ಗಾಜಿನ ಬಟ್ಟಲಿನಲ್ಲಿ ಬಿಟ್ಟಿದ್ದಳು. ಹಸಿರು ಮೈ, ಕಿವಿಯ ಜಾಗದಲ್ಲಿ ಒಂದೊಂದು ಕೆಂಪು ಗೆರೆ. ನಾಣ್ಯದಷ್ಟಿದ್ದದ್ದು ತಟ್ಟೆಯಷ್ಟಾಯಿತು. ನಾರತೊಡಗಿತು. ವಿಮಲಾಕ್ಷಿಯ ಮಗಳು ಸೃಷ್ಟಿಯ ಬೆರಳನ್ನೂ ಕಚ್ಚಿತು.

"ಸಾಯಿಸಬ್ಯಾಡ್ರೀ ಹುಸೇನಮ್ಮ, ಆಮಿ ಕೊಂದ್ರ ಪಾಪ ಬರ್ತೈತಿ. ಎಲ್ಲಾರ ನೀರಾಗ ಬಿಟ್ಟುಬಿಡ್ರಿ, ಪುಣ್ಯಾ ನಿಮಗ ಇರ್ಲಿ," ಎಂದು ವಿಮಲಾಕ್ಷಿ ಅದನ್ನು ಬಕೆಟಿನಲ್ಲಿ ಹಾಕಿ ಕೊಟ್ಟ ದಿನವೇ ಶರಣಬಸವನ ವರ್ಷದ ಎಡೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡ ಬಕೆಟಿನಿಂದ ಅದು ಕತ್ತು ಹೊರಹಾಕಿ ಅವಳನ್ನು ನೋಡಿತು. ಆಸ್ಪತ್ರೆಯಲ್ಲಿ ಹೆಲ್ಮೆಟ್ ತೆಗೆದಾಗ ಮಗನ ಕಿವಿಯ ಹಿಂದೆ ಇದ್ದದ್ದೂ ಅಂಥದೇ ಒಂದು ಕೆಂಪು ಗೆರೆ. ಮೈಮೇಲೆ ಬೇರೆಲ್ಲೂ ಗಾಯವಿರಲಿಲ್ಲ. ಹುಸೇನಮ್ಮ ಯಾರನ್ನೂ ಏನೂ ಕೇಳಲಿಲ್ಲ. ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಅದನ್ನು ಇಟ್ಟಿಗೆಕುಂಟೆಗೆ ಬಿಟ್ಟಳು.

ಅಂದಿನಿಂದ ದಿನಾ ಬೆಳಗಿನ ಮಬ್ಬಿನಲ್ಲಿ ಕೆಲಸಕ್ಕೆ ಹೋಗುವ ಮುನ್ನ ರೊಟ್ಟಿ ಹಿಡಿದು ದಂಡೆಗೆ ಹೋಗುವಳು. "ಶರಣೂ, ಬಾರೋ ಅಪ್ಪಾ," ಎಂದು ಕರೆಯುವಳು. ಕಣ್ಣಿಗೆ ಪೊರೆ ಬಂದಿದ್ದರಿಂದ ನೀರು ಅಲುಗುವುದಷ್ಟೇ ಅವಳಿಗೆ ಕಾಣುತ್ತಿತ್ತು; ಬೆರಳ ತುದಿಯ ರೊಟ್ಟಿಯನ್ನು ಯಾರೋ ಎಳೆದುಕೊಳ್ಳುವುದು ಗೊತ್ತಾಗುತ್ತಿತ್ತು. ಅಷ್ಟು ಸಾಕಿತ್ತು. ಮನೆಗೆ ಬಂದು ಹೇಳುವಳು: "ಎಷ್ಟ್ ಹಾಕಿದ್ರೂ ಸಾಲಂಗಿಲ್ಲ ಅವಗ. ಅಲ್ಲೂ ಹಸಗೊಂಡೇ ಅದಾನ ನನ ಕೂಸು."

ಸೌಂದರ್ಯಾ ಇದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಅವಳು ಉತ್ತರ ಕೊಡುವುದೇ ಕಡಿಮೆ. ಪ್ರಾಣಿಶಾಸ್ತ್ರ ಓದಿ ಪದವಿ ಮುಗಿಸಿ, ದೊಮ್ಮಲೂರಿನ ಆಫೀಸೊಂದರಲ್ಲಿ ಗಿರಾಕಿಗಳ ದೂರಿಗೆ ಟೈಪು ಮಾಡಿ ಸಮಾಧಾನ ಹೇಳುವ ಕೆಲಸ ಹಿಡಿದಿದ್ದಳು. ದಿನವಿಡೀ ನೂರಾರು ಜನರೊಡನೆ ಮಾತು, ಗಂಟಲಿನಿಂದ ಒಂದು ಸದ್ದೂ ಇಲ್ಲ. ಅದಕ್ಕೇ ಆ ಕೆಲಸ ಅವಳಿಗೆ ಒಗ್ಗಿತ್ತು. ಅಣ್ಣ ಹೋದ ಮೇಲೆ ಅವನ ಹೆಸರನ್ನು ಅವಳು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಅವ್ವ ಆಡುತ್ತಿದ್ದದ್ದೇ ಇಬ್ಬರಿಗೂ ಆಗುವಷ್ಟಿತ್ತು.

ಆ ಮಳೆಯ ನಂತರದ ಭಾನುವಾರ ಅವಳು ಕುಂಟೆಗೆ ಹೋದಳು. ಹಗಲಿನಲ್ಲಿ ಅಲ್ಲಿಗೆ ಹೋಗಿ ತಿಂಗಳುಗಳಾಗಿದ್ದವು. ಬೆಳೆಯುತ್ತಿದ್ದಾಗ ಅವಳ ಆಟದ ಬಯಲೇ ಅದು: ಮೊಣಕಾಲುದ್ದದ ನೀರಿನಲ್ಲಿ ನೈದಿಲೆಯ ಎಲೆ, ಎಲೆಯ ಅಡಿಗೆ ಅಂಟಿಕೊಂಡ ಕಪ್ಪೆಮೊಟ್ಟೆಯ ಲೋಳೆ, ಕಡ್ಡಿಯ ತುದಿಗೊಂದೊಂದು ಏರೋಪ್ಲೇನ್ ಚಿಟ್ಟೆ, ನಡುವೆ ತಲೆಯೆತ್ತಿ ಈಜುವ ನೀರುಹಾವು, ಎಲ್ಲವನ್ನೂ ಎಣಿಸುವಂತೆ ನಿಂತ ಬಕ. ಈಗ ನೀರಿನ ಮೇಲೆ ಪಾಚಿಯ ಹಸಿರು ಚರ್ಮ. ನೈದಿಲೆಯ ದಂಟುಗಳನ್ನು ಯಾರೋ ಕತ್ತರಿಯಿಂದ ಕತ್ತರಿಸಿದಂತೆ ಮೊಂಡು ಮಾಡಿದ್ದರು. ಚಿಟ್ಟೆಯಿಲ್ಲ, ಹಾವಿಲ್ಲ, ಬಕ ನಿಲ್ಲುತ್ತಿದ್ದ ಕಡೆ ಬಕವಿಲ್ಲ. ನಡುವಿನ ಕಲ್ಲಿನ ಮೇಲೆ ಬಿಸಿಲು ಕಾಯುತ್ತಿದ್ದದ್ದು ಕುಂಟೆಯ ಹಳೆಯ ಕರೀ ಆಮೆ ಅಲ್ಲ. ಕೆಂಪು ಗೆರೆಯದು. ಕತ್ತು ಚಾಚಿ ಅವಳನ್ನೇ ನೋಡಿತು. ಮಿಟುಕಿಸಲಿಲ್ಲ.

"ಏನಮ್ಮಾ, ಕಪ್ಪೆ ಹುಡುಕ್ತಿದೀಯಾ?" ದಂಡೆಯ ಬೇವಿನ ನೆರಳಿನಲ್ಲಿ ಬೀಡಿ ಸೇದುತ್ತ ಕುಳಿತಿದ್ದ ದೊಡ್ಡಮುನಿಯಪ್ಪ ಕೇಳಿದ. ಇಟ್ಟಿಗೆಗೂಡು ನಡೆಸಿದ್ದು ಅವನ ಅಪ್ಪನೇ. "ಹೋದ್ವು ಕಣಮ್ಮ. ಮನೆ ಮುಂದೇನೇ ಮೆಟ್ರೋ ಇರೋವಾಗ ಇಲ್ಯಾಕೆ ಕೂತಿರ್ತವೆ? ಕಾರ್ಡ್ ಉಜ್ಕೊಂಡು ವೈಟ್‌ಫೀಲ್ಡ್ ಕಡೆ ಹೋಗಿರ್ತವೆ."

"ಕರೀ ಆಮೆ ಎಲ್ಲಿ ತಾತಾ?"

ಅವನು ನಗು ನಿಲ್ಲಿಸಿದ. ಬೀಡಿಯ ತುದಿಯಿಂದ ತೋರಿಸಿದ. ಕೆಸರಿನಲ್ಲಿ ಅಂಗಾತ ಬಿದ್ದ ಒಂದು ಚಿಪ್ಪು; ಒಳಗಿನವರು ಖಾಲಿ ಮಾಡಿಕೊಂಡು ಹೋಗಿದ್ದರು. ಮಳೆಯ ನೀರು ಅದರಲ್ಲಿ ನಿಂತಿತ್ತು, ಆ ನೀರಿನಲ್ಲಿ ಸೊಳ್ಳೆಮರಿಗಳು ಕೊಂಕಿ ಕೊಂಕಿ ಕುಣಿಯುತ್ತಿದ್ದವು. ಇಡೀ ಕುಂಟೆಯಲ್ಲಿ ಚಟುವಟಿಕೆಯಾಗಿದ್ದದ್ದು ಅವು ಮಾತ್ರ.

ಅವಳಿಗೆ ಗೊತ್ತಾಯಿತು. ಅವ್ವನ ಊರಿನ ಬಾವಿಯ ಆಮೆ ಪಕ್ಕದ ಹಳ್ಳದ್ದೇ ಮಗು. ಅದರ ಹಸಿವು ಎಷ್ಟು ಎಂದು ಹಳ್ಳಕ್ಕೆ ಗೊತ್ತು, ಹಳ್ಳದಲ್ಲಿ ಎಷ್ಟಿದೆ ಎಂದು ಅದಕ್ಕೂ ಗೊತ್ತು. ಇದು ಸಮುದ್ರದಾಚೆಯಿಂದ ಬಂದ ಜಾತಿ. ಇದರ ಹಸಿವಿನ ಅಳತೆ ಈ ನೀರಿಗಿಲ್ಲ. ಲೋಳೆ ತಿಂದಿತು, ಗೊದಮೊಟ್ಟೆ ತಿಂದಿತು, ಮೀನುಮರಿ ತಿಂದಿತು, ದಂಟು ತಿಂದಿತು, ಸೊಳ್ಳೆಮರಿಗಳನ್ನು ತಿಂದು ಬದುಕುವ ಏರೋಪ್ಲೇನ್ ಚಿಟ್ಟೆಯ ಮರಿಗಳನ್ನೂ ತಿಂದಿತು. ಕಪ್ಪೆ ಹೋದ ಮೇಲೆ ಹಾವು ಯಾರಿಗಾಗಿ ಇರಬೇಕು? ಮೀನಿಲ್ಲದ ಮೇಲೆ ಬಕ ಏನು ನೋಡುತ್ತ ನಿಲ್ಲಬೇಕು? ಒಬ್ಬೊಬ್ಬರೇ ಎದ್ದುಹೋದ ಪಂಕ್ತಿ ಅದು. ಆದರೆ ಒಂದು ಮಾತು ಅವಳಿಗೆ ಹೊಂದುತ್ತಿರಲಿಲ್ಲ. ತಟ್ಟೆಯಷ್ಟು ಅಗಲದ ಒಂದು ಜೀವ ಇಷ್ಟೆಲ್ಲವನ್ನು ಹೇಗೆ ಉಂಡು ಮುಗಿಸೀತು?

ಆ ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದಳು. ತಡವರಿಸುತ್ತ, ತಟ್ಟೆ ನೋಡುತ್ತ, ಆ ಆಮೆಯನ್ನು ಹಿಡಿಯಬೇಕು, ಇಲ್ಲದಿದ್ದರೆ ಕುಂಟೆ ಸತ್ತೇಹೋಗುತ್ತದೆ ಎಂದು.

ಹುಸೇನಮ್ಮನ ಕೈ ರೊಟ್ಟಿಯ ಮೇಲೆಯೇ ನಿಂತಿತು. "ಹಿಡಿದು?"

"ಬೇರೆ ಕಡೆ... ಪ್ರಾಣಿಗಳ ಸೆಂಟರಿಗೆ ಕೊಡೋದು. ನೋಡ್ಕೊಳ್ಳೋರು ಇದ್ದಾರೆ."

"ಒಮ್ಮೆ ಕಳಿಸೀನಿ. ಮತ್ತೊಮ್ಮೆ ಕಳಸು ಅಂತಿಯೇನು?" ಅವಳ ದನಿ ಏರಲಿಲ್ಲ, ಇಳಿಯಿತು. "ನಿನಗ ಕಪ್ಪಿ ಬೇಕು. ಅಣ್ಣ ಬ್ಯಾಡ."

ಅದಾದ ಮೇಲೆ ತಾಯಿ ಮಗಳ ನಡುವೆ ಅಡುಗೆಮನೆಯ ಸದ್ದು ಮಾತ್ರ ಉಳಿಯಿತು. ಕುಂಟೆಯ ನಾತ ಕಿಟಕಿ ಮುಚ್ಚಿದರೂ ಒಳಗೆ ಬಂತು. ಸೊಳ್ಳೆಗಳು ಸಂಜೆಗೆ ಮುನ್ನವೇ ಗೋಡೆಗಳಿಗೆ ಕಪ್ಪು ಬಳಿದವು. "ನನ್ ಮನೆಯವ್ನಿಗಿಂತ ಜಾಸ್ತಿ ರಕ್ತ ಹೀರ್ತವೆ ಕಣೇ ಇವು! ಅವ್ನಿಗಾದ್ರೆ ಬೈಬೋದು," ಎಂದು ಪಕ್ಕದ ಮನೆಯ ನೂರ್‌ಜಹಾನ್ ಮೊಟ್ಟೆಯ ಟ್ರೇ ಸುಟ್ಟು ಹೊಗೆ ಹಾಕಿದಳು. ಅವಳು ಕುಕ್ ಟೌನಿನ ಬಂಗಲೆಗಳಲ್ಲಿ ಅಡುಗೆಗೆ ಹೋಗುವವಳು. ಸೌಂದರ್ಯಾಳಿಗೆ ಆಫೀಸಿನಲ್ಲಿ, ಏಸಿಯ ಗುಂಯ್‌ಗುಟ್ಟುವಿಕೆಯ ಹಿಂದೆ, ಕಪ್ಪೆಗಳು ಕೂಗುವುದು ಕೇಳತೊಡಗಿತು. ಅಕ್ಕಪಕ್ಕದ ಗದ್ದಲಕ್ಕೆಂದು ಹಾಕಿಕೊಂಡ ಹೆಡ್‌ಫೋನ್ ತೆಗೆದರೆ ನಿಲ್ಲುವುದು. ಹಾಕಿಕೊಂಡರೆ ಮತ್ತೆ ದೂರದಲ್ಲಿ, ನೀರಿನಾಳದಿಂದ ಬಂದಂತೆ, ಒಂದು, ಎರಡು, ಇಡೀ ಗುಂಪು. ಇಲ್ಲದವರು ಇರುವುದು ಹೀಗೆಯೇ ಇರಬೇಕು ಎಂದು ಅವಳಿಗನಿಸಿತು. ಅವ್ವನಿಗೂ ಹೀಗೆಯೇ ಕೇಳುತ್ತಿರಬೇಕು.

ವಿಮಲಾಕ್ಷಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇದ್ದ ಭಾನುವಾರ ಅವ್ವ ಬೆಳಗ್ಗೆಯೇ ಹೋದಳು. ಸೌಂದರ್ಯಾ ಹಳೆಯ ಕೊಡೆಯ ಬಟ್ಟೆ ಕಿತ್ತು, ಕಡ್ಡಿಗಳಿಗೆ ಸೊಳ್ಳೆಪರದೆ ಹೊಲಿದು ಬಲೆ ಮಾಡಿಕೊಂಡು, ಬಟ್ಟೆ ಒಗೆಯುವ ಟಬ್ಬು ಹಿಡಿದು ಕುಂಟೆಗೆ ಇಳಿದಳು. ನೆತ್ತಿಯ ಮೇಲೆ ಮೋಡದ ಬಿಸಿಲು. ಕಲ್ಲಿನ ಮೇಲೆ ಇದ್ದದ್ದು ಅವಳ ಹೆಜ್ಜೆ ಕೇಳಿ ಬುಳಕ್ಕೆಂದು ಮುಳುಗಿತು. ರೊಟ್ಟಿ ಮುರಿದು ಎಸೆದಳು. ತೇಲಿತು, ನೆನೆಯಿತು, ಯಾರೂ ಬರಲಿಲ್ಲ. "ಬಾ, ಬಾ," ಎಂದಳು, ಕೋಳಿ ಕರೆದಂತೆ. ನೀರು ಕೇಳಿಸಿಕೊಳ್ಳಲಿಲ್ಲ.

ಹೇಗೆ ಕರೆಯಬೇಕೆಂದು ಅವಳಿಗೆ ಗೊತ್ತಿತ್ತು.  ಮೊದಲ ಸಲ ಗಂಟಲಿನಿಂದ ಗಾಳಿಯಷ್ಟೇ ಬಂತು. ಎರಡನೆಯ ಸಲ ಅವ್ವನ ದನಿಯಲ್ಲಿ, ಅವ್ವನ ಎಳೆತದಲ್ಲಿ, ಅವಳಿಗೇ ಬೇರೆ ಯಾರೋ ಕರೆದಂತೆ ಕೇಳಿತು:

"ಶರಣೂ, ಬಾರೋ ಅಪ್ಪಾ."

ಪಾಚಿ ಒಂದು ಕಡೆ ಸೀಳಿ ತಲೆಯೊಂದು ಎದ್ದಿತು. ಕೆಂಪು ಗೆರೆ. ಬಲೆಯ ಹಿಡಿಯನ್ನು ಬಿಗಿ ಹಿಡಿದಳು. ಅದರ ಎಡಕ್ಕೆ ಇನ್ನೊಂದು ತಲೆ. ಗೋಡೆಯ ನೆರಳಿನಲ್ಲಿ ಮತ್ತೆರಡು. ಮೊಂಡು ದಂಟುಗಳ ನಡುವಿನಿಂದ, ಕಲ್ಲಿನ ಹಿಂದಿನಿಂದ, ಅವಳ ಕಾಲ ಬುಡದ ಕೆಸರಿನಿಂದ. ದೊಡ್ಡವು, ಸಣ್ಣವು, ಎಲ್ಲದರ ಕಿವಿಯ ಹಿಂದೆಯೂ ಅದೇ ಗಾಯದ ಗೆರೆ. ಎಲ್ಲವೂ ಮೂಗನ್ನು ಅವಳ ಕಡೆಗಿಟ್ಟು, ಒಂದಿಷ್ಟೂ ಸದ್ದಿಲ್ಲದೆ, ಕರೆದದ್ದಕ್ಕೆ ಬರುತ್ತಿದ್ದವು.

ಅವಳು ಕಿರುಚಿಕೊಂಡಳೋ ಇಲ್ಲವೋ ಅವಳಿಗೆ ನೆನಪಿಲ್ಲ. ಹಿಂದೆ ಹಳಿಯ ಪಕ್ಕದ ಕಾಲುದಾರಿಯಲ್ಲಿ ಬಳೆ ಸದ್ದಾಯಿತು. ಪೂಜೆ ಬೇಗ ಮುಗಿದು ಹುಸೇನಮ್ಮ ಪ್ರಸಾದದ ಪೊಟ್ಟಣ ಹಿಡಿದು ಬರುತ್ತಿದ್ದಳು. ಜೊತೆಗೆ ದಾರಿಯಲ್ಲಿ ಸಿಕ್ಕ ನೂರ್‌ಜಹಾನ್. ಮಗಳ ಬಾಯಲ್ಲಿ ಮಗನ ಹೆಸರು ಕೇಳಿ ಹುಸೇನಮ್ಮನ ಮುಖ ದೀಪ ಹಚ್ಚಿದಂತಾಗಿತ್ತು.

"ನೀ ಕರದ್ರೂ ಬಂದನೇನು ಸೌಂದೂ? ಬಂದನೇನು?"

"ಭಾಳ ಮಂದಿ ಬಂದಾರವ್ವ," ಎಂದಳು ಸೌಂದರ್ಯಾ.

ಹೇಳಿದರೆ ನಂಬುವವಳಲ್ಲ, ನೋಡಲು ಕಣ್ಣಿಲ್ಲ. ಸೌಂದರ್ಯಾ ಬಲೆ ಹಾಕಿ ಒಂದನ್ನೆತ್ತಿ ಅವ್ವನ ಕೈಯಲ್ಲಿಟ್ಟಳು. ಹುಸೇನಮ್ಮ ಅದರ ಬೆನ್ನು ಸವರಿದಳು, ಹೆಸರು ಹಿಡಿದು ಮುದ್ದಿಸಿದಳು. ಸೌಂದರ್ಯಾ ಇನ್ನೊಂದನ್ನು ತಂದು ಮಡಿಲಿಗೆ ಹಾಕಿದಳು. ಮತ್ತೊಂದು. ಹುಸೇನಮ್ಮನ ಬೆರಳುಗಳು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಹೋಗಿ, ಹಿಂದಿರುಗಿ, ನಿಂತವು.

"ಇವ ಯಾರು?" ಎಂದಳು. "ಇವ ಯಾರು ಮತ್ತ?"

ದಂಡೆಯ ಮೇಲಿದ್ದ ನೂರ್‌ಜಹಾನ್ ಸೆರಗನ್ನು ಬಾಯಿಗೊತ್ತಿಕೊಂಡಳು. "ಯಾ ಅಲ್ಲಾ... ಒಂದ್ ನಂದೂ ಇರ್ಬೇಕು ಹುಸೇನಕ್ಕಾ. ಕುಕ್ ಟೌನ್ ಮೇಡಮ್ದು. ಸಾಯಿಸ್ಬೇಡ, ನೀರಿಗೆ ಬಿಡು ಅಂದ್ರು, ಹೋದ್ ರಂಜಾನ್‌ನಾಗೆ ಬಿಟ್ಬಿಟ್ಟೆ. ಮೂಲೆಮನೆ ಪೀರಪ್ಪನ ಹೆಂಡ್ತೀನೂ ತಂದಿದ್ಳು, ಎರಡು. ಹಳೇ ಸೀರೆ ಕೊಡ್ತಾರೆ, ಹಳೇ ಮಿಕ್ಸಿ ಕೊಡ್ತಾರೆ, ಆಮೇನೂ ಕೊಡ್ತಾರೆ. ನಾನೊಬ್ಳೇ ಅಂದ್ಕೊಂಡಿದ್ದೆ. ಎಲ್ರೂ ಅಂಗೇ ಅಂದ್ಕೊಂಡಿರ್ತಾರೆ."

 ಹುಸೇನಮ್ಮನ ಮಡಿಲಿನಲ್ಲಿ ಆಮೆಗಳ ಉಗುರುಗಳು ಸೀರೆಯನ್ನು ಗೀರುತ್ತಿದ್ದವು. ಒಂದು ಪ್ರಸಾದದ ಪೊಟ್ಟಣಕ್ಕೆ ಬಾಯಿ ಹಾಕಿ ಕಾಗದ ಸಮೇತ ಎಳೆಯಿತು. ಅವಳು ಅದನ್ನು ತಡವಿ, ಅದರ ಬಾಯಿಯಿಂದ ಪೊಟ್ಟಣ ಬಿಡಿಸಿಕೊಂಡಳು.

"ನನ ಮಗ ಅಲ್ಲ ಇಂವ," ಎಂದಳು ಕೊನೆಗೆ. "ಊರ ಮಂದೀದೆಲ್ಲ ಊಟ ಬೆನ್ನಿಗೆ ಕಟಗೊಂಡು ತಿರಗ್ಯಾನ. ಹೊಟ್ಟಿ ಹಸದು ಕಣ್ಣು ಕತ್ತಲ ಬಂದ್ರೂ ಒಂದು ಪೊಟ್ಟಣ ಬಿಚ್ಚಿದವ ಅಲ್ಲ. ಮಂದಿ ಬುತ್ತಿ ಉಣ್ಣಾಂವ ಅಲ್ಲ ನನ ಶರಣೂ."

ಹೇಳಿ, ಅವುಗಳನ್ನು ಒಂದೊಂದಾಗಿ ಟಬ್ಬಿನೊಳಗಿಟ್ಟಳು. ಎಸೆಯಲಿಲ್ಲ, ಇಟ್ಟಳು.

ಉಳಿದವನ್ನು ಹಿಡಿಯುವುದಕ್ಕೆ ಇನ್ನೊಂದು ದಾರಿ ಇರಲಿಲ್ಲ. ಅಂದು ಬಂದಿದ್ದ ಅವ್ವನ ದನಿ ಸೌಂದರ್ಯಾಳಿಗೆ ಮತ್ತೆ ಬರಲಿಲ್ಲ, ಬೇರೆ ಬೇರೆ ದನಿ ಮಾಡಿ ನೋಡಿದಳು, ದೊಡ್ಡಮುನಿಯಪ್ಪ ತಗಡು ಬಡಿದು ನೋಡಿದ. ಅವು ಬರುತ್ತಿದ್ದದ್ದು ಒಂದೇ ಹೆಸರಿಗೆ, ಒಂದೇ ದನಿಗೆ. ಹಾಗಾಗಿ ಹುಸೇನಮ್ಮನೇ ಕರೆದಳು. ದಿನಾ ಬೆಳಿಗ್ಗೆ ದಂಡೆಯ ಮೇಲೆ ಕೂತು, ತನ್ನವನಲ್ಲ ಎಂದು ಗೊತ್ತಿದ್ದೂ, ತನ್ನವನ ಹೆಸರಿನಿಂದ. ಹೆಸರು ಸವೆದೀತು ಎಂದು ಅವಳಿಗೆ ಹೆದರಿಕೆ. ಒಂದೊಂದು ಸಲ ಕರೆದ ಮೇಲೂ ಬಾಯಿ ಒರೆಸಿಕೊಳ್ಳುವಳು. ಮಗಳು ಬಲೆ ಹಿಡಿದು ಪಕ್ಕದಲ್ಲಿ ನಿಲ್ಲುವಳು.

ಹಿಡಿದವನ್ನು ಏನು ಮಾಡುವುದೆಂದು ನೂರ್‌ಜಹಾನಳೇ ತೀರ್ಮಾನಿಸಿದಳು: ಯಾರು ಕೊಟ್ಟರೋ ಅವರ ಮನೆಗೇ. ವಠಾರದ ಹೆಂಗಸರು ಬಕೆಟ್ ಹಿಡಿದು ಇಂದಿರಾನಗರ, ಕುಕ್ ಟೌನ್, ಹಲಸೂರಿನ ಬಾಗಿಲುಗಳ ಗಂಟೆ ಒತ್ತಿದರು. ವಿಮಲಾಕ್ಷಿ ಎರಡು ಹೆಜ್ಜೆ ಹಿಂದೆ ಸರಿದು, "ಅಯ್ಯ, ಇದು ನಮ್ದಲ್ರೀ ಹುಸೇನಮ್ಮ, ನಮ್ದು ಇಷ್ಟ್ ದೊಡ್ಡದಿರಲಿಲ್ಲ!" ಎಂದಳು.

"ನಮದೂ ಅಲ್ರೀ ಅವ್ವಾರ. ಆ ನೀರಿಂದೂ ಅಲ್ಲ. ಸಾಯತನಕ ನಿಮ್ಮ ಮನ್ಯಾಗ ಸಾಕ್ರಿ, ಇಲ್ಲಾಂದ್ರ ಸಾಕೋರ ಕೈಗೆ ಕೊಟ್ಟು ಬರ್ರಿ. ಅಂಗಡ್ಯಾಗಿಂದ ಮತ್ತೊಂದು ತರಬ್ಯಾಡ್ರಿ. ನಾ ಅಂತೂ ಇನ್ನ ಒಯ್ಯಂಗಿಲ್ಲ."

ಕೆಲವರು ತೊಟ್ಟಿ ಕಟ್ಟಿಸಿದರು. ಕೆಲವರು ಬಾಗಿಲು ಹಾಕಿಕೊಂಡರು, ಒಂದು ಮನೆಯವರು ಕೆಲಸವನ್ನೇ ಬಿಡಿಸಿದರು. ಉಳಿದವನ್ನು ಸೌಂದರ್ಯಾ ಊರಾಚೆಯ ರಕ್ಷಣಾ ಕೇಂದ್ರವೊಂದಕ್ಕೆ ಆಟೋದಲ್ಲಿ ಒಯ್ದು ಕೊಟ್ಟಳು. ಅಲ್ಲಿಯ ತೊಟ್ಟಿಗಳಲ್ಲಿ ಇನ್ನೂರಕ್ಕೂ ಹೆಚ್ಚು ಕೆಂಪು ಗೆರೆಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಅವಳು ಬೇಗ ಹೊರಬಂದಳು.

ಮುಂಗಾರು ದಟ್ಟವಾಯಿತು. ಪಾಚಿ ಅಲ್ಲಲ್ಲಿ ಹರಿದು ನೀರಿನ ಬಣ್ಣ ಕಂಡಿತು. ಕಚ್ಚಿಸಿಕೊಳ್ಳದ ನೈದಿಲೆಯ ಎಲೆ ಒಂದು, ಅಂಗೈಯಷ್ಟು, ಮೇಲೆ ಬಂತು. ಕಪ್ಪೆ ಕೂಗಲಿಲ್ಲ. ಎಲ್ಲಿಂದ ಬರಬೇಕು ಅವು? ಈ ಕಡೆ ಹಳಿ, ಆ ಕಡೆ ಗೋಡೆ, ಅದರಾಚೆ ರಸ್ತೆ; ಇದಕ್ಕೆ ಅಕ್ಕತಂಗಿಯರಾಗಿದ್ದ ಕುಂಟೆಗಳ ಮೇಲೆಲ್ಲ ಈಗ ಮನೆಗಳು ನಿಂತಿದ್ದವು. ಗೋಡೆಯ ಬುಡದಲ್ಲಿ ಮಳೆನೀರು ಹರಿಯಲು ಬಿಟ್ಟಿದ್ದ ತೂತನ್ನು ಮುಚ್ಚಿದ ಕಸ ಬಗೆದು ತೆಗೆಯಲು ಸೌಂದರ್ಯಾ ದೊಡ್ಡಮುನಿಯಪ್ಪನನ್ನು ಒಪ್ಪಿಸಿದಳು. ಒಂದು ಕಪ್ಪೆ ನುಸುಳುವಷ್ಟು ದಾರಿ. ಬಂದರೆ ಬರಲಿ.

ತಲೆಗಳು ಕಡಿಮೆಯಾಗುತ್ತ ಬಂದವು. ನಾಲ್ಕು ಬರುತ್ತಿದ್ದ ಕಡೆ ಎರಡು, ಆಮೇಲೆ ಹಟಮಾರಿ ದೊಡ್ಡದೊಂದು. ಅದನ್ನೂ ಹಿಡಿದದ್ದಾಯಿತು. ಅದರ ಮರುದಿನ ಬೆಳಿಗ್ಗೆ, ಸಣ್ಣಗೆ ತುಂತುರು ಬೀಳುತ್ತಿರುವಾಗ, ತಾಯಿ ಮಗಳು ಎಂದಿನಂತೆ ಹೋಗಿ ಕೂತರು.

"ಶರಣೂ, ಬಾರೋ ಅಪ್ಪಾ."

ತುಂತುರಿನ ಸಣ್ಣ ಸಣ್ಣ ವೃತ್ತಗಳು. ಒಂದು ಲೋಕಲ್ ರೈಲು ಕೆ.ಆರ್. ಪುರದ ಕಡೆ ಹೋಯಿತು. ಹುಸೇನಮ್ಮ ಅದು ದಾಟುವವರೆಗೆ ಕಾದು ಮತ್ತೆ ಕರೆದಳು. ಪೊರೆಗಣ್ಣನ್ನು ಕಿರಿದು ಮಾಡಿ ನೀರು ನೋಡಿದಳು. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಯಾರೂ ಎಳೆಯಲಿಲ್ಲ.

"ಯಾರೂ ಬರಲಿಲ್ಲೇನು?"

"ಇಲ್ಲವ್ವ."

"ಖರೇನ?"

ಸೌಂದರ್ಯಾ ಇಡೀ ಕುಂಟೆಯನ್ನು ಕಣ್ಣಿನಿಂದ ಮತ್ತೊಮ್ಮೆ ಸುತ್ತಿಬಂದಳು. ಇಷ್ಟು ದಿನ ಇದಕ್ಕಾಗಿಯೇ ಬೇಡಿಕೊಂಡಿದ್ದಳು. "ಯಾರೂ ಇಲ್ಲ," ಎಂದಳು.

ಹುಸೇನಮ್ಮ ತಲೆಯಾಡಿಸಿದಳು. ಇನ್ನೊಮ್ಮೆ ಕರೆಯುವಳೆಂದು ಸೌಂದರ್ಯಾ ಕಾದಳು. ಅವ್ವನ ತುಟಿ ತೆರೆದದ್ದೂ ಕಂಡಿತು. ಅವಳು ಕರೆಯಲಿಲ್ಲ. ನೆನೆದ ರೊಟ್ಟಿಯನ್ನು ನೀರಿಗೆ ಹಾಕದೆ, ತನ್ನ ಬಾಯಿಗೇ ಹಾಕಿಕೊಂಡು, ನಿಧಾನವಾಗಿ ಅಗಿಯುತ್ತ ಕೂತಳು.